ಡಾಕ್ಟರ ಕಾಗದದಲ್ಲಿ ನಾನು ಬಿಟ್ಟ ಸಾಲು

ನನ್ನ ಮೊಮ್ಮಗಳು ಸುಮಾ ಡಾಕ್ಟರಾದಳು! ನಿನ್ನೆ ರಿಸಲ್ಟ್ ಬಂತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಈ ಬಸಪ್ಪನ ಮನೆಯಲ್ಲಿ ಡಾಕ್ಟರು! ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ವಾಚ್‌ಮನ್ನನಿಂದ ಹಿಡಿದು ಎಲ್ಲರ ಕೈಗೂ ಪೇಢೆ ಇಟ್ಟು ಬಂದೆ.

ಅವಳು ಮೆಡಿಕಲ್ ಸೇರಿದ ದಿನ ಅವಳೊಬ್ಬಳಿಗೇ ಹೇಳಿದ್ದ ಸಂಗತಿಯನ್ನು ಈಗ ಎಲ್ಲರಿಗೂ ಹೇಳುತ್ತೇನೆ.

ಸುಮಾರು ನಲವತ್ತೈದು ವರ್ಷದ ಹಿಂದೆ ನಾನು ಚೆಂಬೂರಿನ ಒಂದು ದವಾಖಾನೆಯಲ್ಲಿ ಕಾಂಪೌಂಡರ್. ಡಾಕ್ಟರು ಬರೆದುಕೊಟ್ಟಂತೆ ಮಿಕ್ಸ್ಚರ್ ಕಲಸಿ, ಬಾಟಲಿಗೆ ತುಂಬಿ, ಡೋಸಿನ ಅಳತೆಗೆ ಕಾಗದದ ಪಟ್ಟಿ ಅಂಟಿಸುವುದು ನನ್ನ ಕೆಲಸ. ಡಾಕ್ಟರು ಮೈಸೂರಿನವರು. ಅವರ ಹೆಂಡತಿ ಶಾರದಮ್ಮ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಮೈಸೂರಿನಲ್ಲೇ ಇದ್ದರು. ಡಾಕ್ಟರ ಅಕ್ಷರ ಓದಲು ಬರುತ್ತಿದ್ದುದು ನನಗೊಬ್ಬನಿಗೆ. "ನಿಮ್ಮ ಕಾಗದ ಓದೋಕೆ ನಾನೂ ಔಷಧಿ ಅಂಗಡಿ ಇಡಬೇಕೇನು? ಕಾಂಪೌಂಡರ ಕೈಲಿ ಬರೆಸಿ" ಎಂದು ಆಕೆ ಬರೆದರು. ಅಲ್ಲಿಂದ ಪ್ರತಿ ಶನಿವಾರ ಡಾಕ್ಟರು ಗೀಚಿಕೊಟ್ಟದ್ದನ್ನು ನಾನು ಇನ್‌ಲ್ಯಾಂಡ್ ಲೆಟರಿಗೆ ದುಂಡಗೆ ಇಳಿಸತೊಡಗಿದೆ. ಆಕೆಯ ಉತ್ತರದ ಕೊನೆಯ ಸಾಲು ಯಾವಾಗಲೂ ನನಗೆ: "ಬಸಪ್ಪನವರ ಮಕ್ಕಳು ಕ್ಷೇಮವೇ?"

ಒಂದು ಸಲ, ಎದೆಯಲ್ಲಿ ಗಂಟು ಕಾಣಿಸಿದೆ, ನೋವೇನಿಲ್ಲ ಎಂದು ಬರೆದಿದ್ದರು. ಅದನ್ನು ಓದಿದ ಡಾಕ್ಟರು ತುಂಬ ಹೊತ್ತು ಮುಂದಿನ ಪೇಷಂಟನ್ನು ಕರೆಯಲಿಲ್ಲ. ಆಮೇಲೆ ಗೀಚಿಕೊಟ್ಟರು: "ಇದು ಕ್ಯಾನ್ಸರ್ ಇರಬಹುದು. ಅಮ್ಮನನ್ನು ಅಕ್ಕನ ಮನೆಯಲ್ಲಿ ಬಿಟ್ಟು ಈ ವಾರವೇ ಹೊರಟು ಬಾ."

ಅಷ್ಟು ದೂರ ಒಬ್ಬರೇ ಕೂತು ಶಾರದಮ್ಮ ಆ ಶಬ್ದವನ್ನು ಓದುವುದಾದರೂ ಹೇಗೆ? ಕಹಿ ಮಿಕ್ಸ್ಚರಿಗೆ ಸಕ್ಕರೆ ಪಾಕ ಬೆರೆಸಿ ರೂಢಿಯಾದ ಕೈ ನನ್ನದು. "ಗಾಬರಿಯಾಗಬೇಡ. ಅನುಕೂಲವಾದಾಗ ಬಂದು ತೋರಿಸು" ಎಂದು ಬರೆದು ಅಂಟಿಸಿಬಿಟ್ಟೆ.

ಅತ್ತೆ ಸ್ವಲ್ಪ ಸುಧಾರಿಸಲಿ, ಬರುತ್ತೇನೆ ಎಂದು ಉತ್ತರ ಬಂತು. ಡಾಕ್ಟರು ಮತ್ತೆರಡು ಸಲ "ಬಾ" ಎಂದು ಬರೆದರು. ರೋಗದ ಹೆಸರನ್ನು ಒಮ್ಮೆ ಹೇಳಿದ್ದೇ ಸಾಕೆಂದುಕೊಂಡರು. ಕೊನೆಗೆ ತಾವೇ ಹೋಗಿ ಕರೆತಂದರು. ಅಷ್ಟರಲ್ಲಿ ಮೂರು ತಿಂಗಳು ಕಳೆದು, ರೋಗ ಎಲುಬಿಗೆ ಇಳಿದಿತ್ತು.

ಆಸ್ಪತ್ರೆಯಲ್ಲಿ ಆಕೆಯ ಚೀಲದೊಳಗಿನ ಕಾಗದಗಳು ಡಾಕ್ಟರ ಕೈಗೆ ಸಿಕ್ಕವು. ಊಟದ ಡಬ್ಬಿ ಹಿಡಿದು ನಾನೂ ಅಲ್ಲೇ ನಿಂತಿದ್ದೆ.

"ಬಸಪ್ಪ, ಇದು ನಾನು ಬರೆದಿದ್ದಲ್ಲ."

ಹಾಸಿಗೆಯಿಂದ ಶಾರದಮ್ಮನೇ ಅಂದರು: "ಅವರನ್ನ ಬೈಬೇಡಿ. ಮದುವೆಯಾದಾಗಿನಿಂದ ನೀವು ಒಂದು ಸಲವಾದ್ರೂ ಗಾಬರಿಯಾಗಬೇಡ ಅಂದಿದ್ದೀರಾ? ಓದಿದಾಗಲೇ ಗೊತ್ತಾಯ್ತು, ಇದು ಬಸಪ್ಪನವರ ಮಾತು ಅಂತ. ನಂಬೋಣ ಅನ್ನಿಸ್ತು, ನಂಬಿದೆ."

ಆಕೆ ಆ ವರ್ಷದ ದೀಪಾವಳಿ ಕಾಣಲಿಲ್ಲ. ಡಾಕ್ಟರು ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಶನಿವಾರ ಬಂದರೆ ಮಾತ್ರ, ಯಾರಿಗೂ ಕಾಗದ ಬರೆಯುವುದಿಲ್ಲದೆ ಇಬ್ಬರೂ ಸುಮ್ಮನೆ ಕೂರುತ್ತಿದ್ದೆವು. ಔಷಧಿಯಲ್ಲಿ ಒಂದು ಹನಿಯನ್ನೂ ನಾನು ಹೆಚ್ಚುಕಡಿಮೆ ಮಾಡಿದವನಲ್ಲ. ಮಾತನ್ನೂ ಹಾಗೆಯೇ ಅಳೆದು ಕೊಡಬೇಕೆಂದು ಆ ಕೆಲಸ ನನಗೆ ತಡವಾಗಿ ಕಲಿಸಿತು.

ನಿನ್ನೆ ಸಂಜೆ ಊಟಕ್ಕೆ ಮುಂಚೆ ಸುಮಾ ನನ್ನನ್ನು ಬಾಲ್ಕನಿಗೆ ಕರೆದಳು. ಹೋದ ವಾರ ಅವಳೇ ನನಗೆ ಸ್ಕ್ಯಾನ್ ಮಾಡಿಸಿದ್ದಳು.

"ಅಜ್ಜಾ, ನೀ ಹೇಳಿದ್ದು ಯಾದ್ ಅದ ನನಗ. ಅದಕ್ಕ ಸೀದಾ ಹೇಳ್ತೀನಿ. ಲಂಗ್ಸ್‌ನಾಗ ಕ್ಯಾನ್ಸರ್ ಅದ. ಬೋನ್ಸ್‌ಗೂ ಹೋಗ್ಯದ."

"ಎಷ್ಟ ದಿನಾ?"

"ಒಂದ್ ವರ್ಷ ಮುಶ್ಕಿಲ್ ಅಜ್ಜಾ."

ಅವಳು ಅಳುತ್ತಿದ್ದಳು, ಆದರೂ ಒಂದು ಮಾತನ್ನೂ ನುಂಗಲಿಲ್ಲ.

"ಖರೇ ಡಾಕ್ಟರ್ ಆದಿ ಬಿಡವಾ ನೀ" ಎಂದು ಅವಳ ತಲೆ ಸವರಿದೆ. ಪೇಢೆ ಹಂಚುವಾಗಲೂ ನನಗೆ ಇಷ್ಟು ಹಿಗ್ಗು ಬಂದಿರಲಿಲ್ಲ.

ಹೋಳಿಗೆ ಆರುತ್ತದೆಂದು ಸೊಸೆ ಒಳಗಿನಿಂದ ಕೂಗಿದಳು. ಮಗ, ಸೊಸೆ, ಸುಮಾ, ನಾನು, ಎಲ್ಲರೂ ನೆಲದ ಮೇಲೆ ಸುತ್ತ ಕೂತೆವು. ಸುಮಾ ನನ್ನ ತಟ್ಟೆಗೆ ತುಪ್ಪ ಹಾಕಿದಳು.

"ಇನ್ನೊಂದು ಹೋಳಿಗಿ ಹಾಕವಾ" ಎಂದೆ.