ಕೆಳಗಿನ ವಾಸನೆ

ಹೂಟರ್ ಕೂಗಿ ನಿಂತ ಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಬೂಟುಗಳ ಸದ್ದು ಬರುತ್ತಿತ್ತು. ಅಡಿಗೆ ಲಾಳ ಬಡಿದ ದಪ್ಪ ಬೂಟುಗಳು. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ನಾವಿದ್ದ ಮನೆಸಾಲಿನ, ಅಂದರೆ ಲೈನಿನ, ಕಲ್ಲುದಾರಿಯ ಮೇಲೆ ಮೊದಲು ಒಟ್ಟಿಗೆ, ಒಂದೇ ಗದ್ದಲವಾಗಿ ಬಂದು, ಆಮೇಲೆ ಒಂದೊಂದು ಜೊತೆಯಾಗಿ ಬೇರೆ ಬೇರೆ ಬಾಗಿಲ ಮುಂದೆ ನಿಂತುಹೋಗುತ್ತಿದ್ದವು. ಬೂಟು ನಿಂತ ಮನೆಯೊಳಗೆ ಹಂಡೆಯ ಮುಚ್ಚಳ ತೆಗೆಯುವ ಸದ್ದು. ಅದರ ಹಿಂದೆಯೇ ಚೊಂಬಿನಿಂದ ನೀರು ಸುರಿಯುವ ಸದ್ದು, ಲೈನಿನುದ್ದಕ್ಕೂ, ಮಳೆ ಹಿಡಿದ ಹಾಗೆ...

ಎಷ್ಟೋ ವರ್ಷದ ಮೇಲೆ ಈ ಸದ್ದು ನನಗೆ ಮತ್ತೆ ಕೇಳಿಸಿದ್ದು ಮೊನ್ನೆ ಬಂಗಾರಪೇಟೆಯಲ್ಲಿ, ತಂಗಿಯ ಮನೆಯ ಸೋಫಾದ ಮೇಲೆ ಕೂತಿದ್ದಾಗ. ತಂಗಿಯ ಮೊಮ್ಮಗಳಿಗೆ ಈಗೊಂದು ಹೊಸ ಹುಚ್ಚು. ಕೊರಿಯರ್‌ನಲ್ಲಿ ಚಿಕ್ಕ ಚಿಕ್ಕ ಬಾಟಲಿಗಳ ಟ್ರಯಲ್ ಪ್ಯಾಕ್ ತರಿಸುತ್ತಾಳೆ. ಬಾಡಿ ವಾಶ್, ಬಾಡಿ ಬಟರ್, ಸ್ಕ್ರಬ್, ಬಾತ್ ಸಾಲ್ಟ್. ಒಂದೊಂದನ್ನೂ ಹಚ್ಚಿ, ಮೂಸಿ, ಫೋನ್ ಮುಂದೆ ನಿಂತು ಅಭಿಪ್ರಾಯ ಹೇಳುತ್ತಾಳೆ. ಅವಳ ಎರಡೂ ಕೈ ತುಂಬಿದ ಮೇಲೆ ನನ್ನ ಕೈಗೆ ಬರುತ್ತಾಳೆ.

"ದೊಡ್ಡಜ್ಜಿ, ಸುಮ್ನೆ ನೈಸ್ ಅನ್ಬೇಡಿ. ಏನು ವಾಸನೆ ಅಂತ ಕರೆಕ್ಟಾಗಿ ಹೇಳಿ."

ಕಾನ್ವೆಂಟಿನಲ್ಲಿ ಓದಿದವಳು ನಾನು, ಕೇಳಿದ್ದಕ್ಕೆ ಫುಲ್ ಸೆಂಟೆನ್ಸ್‌ನಲ್ಲಿ ಉತ್ತರ ಕೊಡುವುದು ಇನ್ನೂ ಬಿಟ್ಟಿಲ್ಲ. ವೆನಿಲ್ಲಾ ಬಟರ್ ಕ್ರಿಸ್‌ಮಸ್ ಕೇಕಿನ ಹಾಗಿದೆ, ಹಚ್ಚಿಕೊಂಡರೆ ಇರುವೆ ಬರುತ್ತದೆ ಎಂದೆ. ಆ ಮನೆಯಲ್ಲಿ ಬಾತ್‌ಟಬ್ ಎಲ್ಲಿದೆ? ಲ್ಯಾವೆಂಡರ್ ಉಪ್ಪನ್ನು ಪ್ಲಾಸ್ಟಿಕ್ ಟಬ್ಬಿನ ಬಿಸಿನೀರಿಗೆ ಹಾಕಿ ನನ್ನ ಕಾಲು ಇಳಿಬಿಟ್ಟಳು. ಅದು ಚೆನ್ನಾಗಿತ್ತು. ಕೊನೆಗೆ ಒಂದು ಕಪ್ಪನೆಯ ಬಾಡಿ ವಾಶ್ ತೆಗೆದಳು. ಇದ್ದಿಲು ಹಾಕಿದ್ದಂತೆ. ಒದ್ದೆ ಕಲ್ಲು, ಹೊಗೆ, ಹಳೇ ಮರ, ಇದು ಅದರ ಪರಿಮಳವಂತೆ. ಮಣಿಕಟ್ಟಿಗೆ ಒಂದು ಹನಿ ಹಾಕಿ ಉಜ್ಜಿದಳು. ಮೂಗಿನ ಹತ್ತಿರ ತಂದುಕೊಂಡೆ.

ಅವಳು ಉತ್ತರಕ್ಕೆ ಕಾಯುತ್ತಲೇ ಇದ್ದಳು. ನನಗೆ ಬೂಟುಗಳ ಸದ್ದು ಕೇಳಿಸಿತು.

ನಮ್ಮ ಪಕ್ಕದ ಮನೆಯಲ್ಲೊಬ್ಬ ಅಕ್ಕ ಇದ್ದರು. ಎರಡೂ ಮನೆಗಳ ನಡುವೆ ಒಂದೇ ಗೋಡೆ, ಅದೂ ಬಿದಿರು ತಟ್ಟಿಗೆ ಮಣ್ಣು ಮೆತ್ತಿದ್ದು. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತಿದ್ದೆವು. ಬೂದಿಕೋಟೆಯಿಂದಾಚೆಯ ಹಳ್ಳಿಯ ಹುಡುಗಿ, ದನ, ಹೊಲ, ರಾಗಿಕಣದ ನಡುವೆ ಬೆಳೆದವರು. ಅವರ ಗಂಡನೂ ನಮ್ಮಪ್ಪನೂ ಗಣಿಗಿಳಿಯುವ ಒಂದೇ ಶಾಫ್ಟಿನಲ್ಲಿ, ಒಂದೇ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದರು. ಗಣಿಯೊಳಗೆ ಎಂದು ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ. 'ಕೆಳಗೆ' ಅನ್ನುತ್ತಿದ್ದೆವು. ಅಪ್ಪ ಕೆಳಗೆ ಹೋಗಿದ್ದಾರೆ ಅಂದರೆ ಯಾವುದರ ಕೆಳಗೆ ಎಂದು ಯಾರೂ ಕೇಳುತ್ತಿರಲಿಲ್ಲ.

ಕೆಳಗಿನಿಂದ ಬಂದವರ ಮೈಗೆ ಒಂದು ವಾಸನೆ ಇರುತ್ತಿತ್ತು. ಒದ್ದೆ ಬಂಡೆ, ಮದ್ದು ಸಿಡಿಸಿದ ಹೊಗೆ, ನೀರು ಕುಡಿದು ಕೊಳೆತ ಮರದ ದಿಮ್ಮಿ, ಗ್ರೀಸು, ದೀಪಕ್ಕೆ ಹಾಕುವ ಕಾರ್ಬೈಡು, ಎಲ್ಲದರ ಮೇಲೆ ಬೆವರು. ಅದರಲ್ಲೇ ಹುಟ್ಟಿದ ನಮಗೆ ಅದು ವಾಸನೆ ಅಂತಲೇ ಅನಿಸುತ್ತಿರಲಿಲ್ಲ, ಅಪ್ಪ ಬಂದರು ಅನಿಸುತ್ತಿತ್ತು. ಅಕ್ಕನಿಗೆ ಮಾತ್ರ ಸೈರಿಸಲಾಗಲಿಲ್ಲ.

"ನಮ್ಮೂರಾಗೆ ಸಗಣಿ ವಾಸ್ನೆ ಬತ್ತದೆ, ಬೆವರು ವಾಸ್ನೆ ಬತ್ತದೆ. ಇದೇನಕ್ಕ ಇದು, ಆಳುಬಾವಿ ತಳದಾಗೆ ಏನೋ ಸತ್ತು ಬಿದ್ದಂಗೆ," ಎಂದು ಅಮ್ಮನ ಹತ್ತಿರ ಹೇಳಿದ್ದರು.

"ಬಿಡ್ತು ಅನ್ನು," ಎಂದರು ಅಮ್ಮ.

"ಬಿಡ್ತು. ಆದ್ರೂ ನಾನು ಇದನ್ನ ಓಗಿಸ್ತೀನಿ, ನೋಡ್ತಿರು."

ಹಾಗೆ ಶುರುವಾಯಿತು ಅವರ ಪ್ರಯೋಗ. ಕಡಲೆಹಿಟ್ಟು, ಸೀಗೆಪುಡಿ, ಹೆಸರುಹಿಟ್ಟು, ಅದಕ್ಕೆ ಕಚೋರ, ಲಾವಂಚದ ಬೇರು, ಒಣಗಿಸಿದ ಗುಲಾಬಿ ಎಸಳು, ನಿಂಬೆಸಿಪ್ಪೆ. ಬಿಸಿಲಲ್ಲಿ ಹಳೇ ಸೀರೆ ಹಾಸಿ ಒಣಗಿಸುವುದು, ಒರಳಲ್ಲಿ ಕುಟ್ಟುವುದು, ಬಟ್ಟೆಯಲ್ಲಿ ಜರಡಿ ಹಿಡಿಯುವುದು. ಇಡೀ ಲೈನು ಗಮಗಮ. ಹೊಸ ಮಿಶ್ರಣ ಮೊದಲು ನನ್ನ ಮೇಲೆ. ನನ್ನ ಮೂಗು ಚುರುಕು ಎಂದು ಅವರಿಗೆ ಹೇಗೋ ಗೊತ್ತಾಗಿತ್ತು. ಮೊಣಕೈವರೆಗೆ ಹಚ್ಚಿ, ನೀರು ಹಾಕಿ ತೊಳೆದು, "ಎಂಗೈತೆ ಪಾಪ, ದಿಟ ಏಳು," ಅನ್ನುತ್ತಿದ್ದರು. ಒಮ್ಮೆ ತಲೆಗೆ ಮೆಂತ್ಯ ಜಾಸ್ತಿಯಾಗಿ ಕಾನ್ವೆಂಟಿನಲ್ಲಿ ಪ್ರೇಯರ್‌ಗೆ ನಿಂತಾಗ ಸಿಸ್ಟರ್ ನನ್ನ ಹಿಂದೆ ಬಂದು ನಿಂತು, "ಚೈಲ್ಡ್, ಹ್ಯಾವ್ ಯು ಬ್ರಾಟ್ ಯುವರ್ ಲಂಚ್ ಇನ್ ಯುವರ್ ಹೇರ್?" ಎಂದು ಕೇಳಿದರು. ಅದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳಿದಾಗ ಒರಳ ಮುಂದೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಿದ್ದರು.

ಅವರ ಯಜಮಾನರಂತೂ ಸಾಧು. ಬಚ್ಚಲ ಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ತಲೆ ಬಗ್ಗಿಸಿ ಉಜ್ಜಿಸಿಕೊಳ್ಳುತ್ತಿದ್ದರು. ಗೋಡೆಯಾಚೆಯಿಂದ ನಮಗೆ ಎಲ್ಲಾ ಕೇಳಿಸುತ್ತಿತ್ತು.

"ಸಾಕು ಬಿಡೆ, ಚರ್ಮ ಕಿತ್ಕೊಂಡು ಬತ್ತದೆ. ನಾಳೆ ಕೆಳಗಿಳಿಯೋ ಕೇಜಿನಾಗೆ ನಿಂತ್ರೆ ಮದ್ವೆ ಎಣ್ಣು ಬಂದ್ಲು ದಾರಿ ಬಿಡ್ರೋ ಅಂತಾರೆ."

"ಅಂದ್ರೆ ಅನ್ಲಿ. ಕಿವಿ ಇಂದೆ ಇನ್ನೂ ಐತೆ, ತಿರುಗು."

ಎಷ್ಟು ತಿಕ್ಕಿದರೂ ಕಿವಿಯ ಹಿಂದೆ ಸ್ವಲ್ಪ ಉಳಿದೇ ಇರುತ್ತಿತ್ತಂತೆ. ಹಾಗಂತ ಅಕ್ಕನೇ ಹೇಳುತ್ತಿದ್ದರು, ಸೋತವರ ಹಾಗೆ.

ಒಂದು ದಿನ ಊಟದ ಹೊತ್ತಿಗೆ ನೆಲ ನಡುಗಿತು. ಅಡುಗೆಮನೆಯ ಪಾತ್ರೆಗಳು ತಾವಾಗಿಯೇ ಗಲಗಲ ಅಂದವು. ಏರ್‌ಬ್ಲಾಸ್ಟ್ ಅನ್ನುತ್ತಿದ್ದೆವು. ಆಳದಲ್ಲಿ ಬಂಡೆ ಸಿಡಿದರೆ ಮೇಲಿದ್ದ ನಮ್ಮ ಮನೆಗಳು ಅದುರುತ್ತಿದ್ದವು. ಲೈನಿನ ಹೆಂಗಸರೆಲ್ಲ ಹೇಗಿದ್ದರೋ ಹಾಗೆಯೇ ಶಾಫ್ಟಿನ ಕಡೆ ಓಡಿದರು. ಅಪ್ಪ ಮೇಲೆ ಬಂದರು. ಅಕ್ಕನ ಯಜಮಾನರನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಮಾರನೆಯ ದಿನ. ಬಿಳಿ ಬಟ್ಟೆ ಸುತ್ತಿತ್ತು. ಅಕ್ಕ ಅಳಲಿಲ್ಲ. ಬಗ್ಗಿ, ತಲೆಯನ್ನು ಮೆಲ್ಲಗೆ ಒಂದು ಕಡೆ ಹೊರಳಿಸಿ, ಕಿವಿಯ ಹಿಂದೆ ಮೂಗಿಟ್ಟರು. ತುಂಬಾ ಹೊತ್ತು ಹಾಗೇ ಇದ್ದರು. ಆಮೇಲೆ ಅಮ್ಮನನ್ನು ನೋಡಿ, "ತೊಳೆದ್‌ಬಿಟ್ಟವ್ರೆ ಅಕ್ಕ. ಬರೀ ಫಿನಾಯಿಲು," ಎಂದರು.

ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ...

ಕೆಲಸದ ಬಟ್ಟೆಯನ್ನು ಆಸ್ಪತ್ರೆಯವರು ಕತ್ತರಿಸಿ ಬಿಸಾಡಿದ್ದರು. ಮನೆಯಲ್ಲಿದ್ದ ಅಂಗಿ, ಪಂಚೆ, ದಿಂಬಿನ ಚೀಲ, ಎಲ್ಲವನ್ನೂ ಅಕ್ಕನೇ ಹಿಂದಿನ ದಿನ ಬೆಳಿಗ್ಗೆ ತನ್ನ ಪುಡಿ ಹಾಕಿ ಒಗೆದು ತಂತಿಯ ಮೇಲೆ ಹರವಿದ್ದರು. ಅವನ್ನೆಲ್ಲ ಮೂಸಿ ನೋಡಿದ್ದನ್ನು ನಾನು ಕಂಡೆ. ಲಾವಂಚ, ಗುಲಾಬಿ. ಅವರು ಗೆದ್ದಿದ್ದರು, ಒಂದು ಚೂರೂ ಉಳಿದಿರಲಿಲ್ಲ.

ಕಂಪನಿಯ ಮನೆ. ಕೆಲಸದವನು ಹೋದ ಮೇಲೆ ಖಾಲಿ ಮಾಡಬೇಕು. ತಿಂಗಳ ಕಾರ್ಯ ಮುಗಿದ ಕೂಡಲೇ ಅಕ್ಕನ ಅಣ್ಣ ಬಂದು ಊರಿಗೆ ಕರೆದುಕೊಂಡು ಹೋಗುವುದು ಎಂದಾಯಿತು. ಊರಿಗೆ ಹೋದರೆ ಸಗಣಿ ಇದೆ, ಹಾಲು ಇದೆ, ರಾಗಿ ಇದೆ, ಇದು ಇರುವುದಿಲ್ಲ. ಅಕ್ಕನಿಗೆ ಅಷ್ಟರೊಳಗೆ ಆ ವಾಸನೆ ಒಂದು ಸಲ ಸಿಗಬೇಕಿತ್ತು.

ಮತ್ತೆ ಒರಳು ಸದ್ದು ಮಾಡಿತು. ಈ ಸಲ ಕುಟ್ಟಿದ್ದು ಬೇರೆ. ಶಾಫ್ಟಿನ ಹತ್ತಿರ ಬಿದ್ದಿದ್ದ ಕಲ್ಲಿನ ಚೂರು, ಹಳೇ ದಿಮ್ಮಿಯ ಸಿಬಿರು, ಬೆಂಕಿಪೊಟ್ಟಣದ ಕಡ್ಡಿಗಳ ಮದ್ದು, ಒದ್ದೆ ಗೋಣಿ, ಯಜಮಾನರ ದೀಪಕ್ಕೆಂದು ಡಬ್ಬಿಯಲ್ಲಿ ಉಳಿದಿದ್ದ ಕಾರ್ಬೈಡು. ನೀರು ಸೋಕಿದರೆ ಅದು ಬುಸುಗುಟ್ಟಿ ಕೊಳೆತ ಬೆಳ್ಳುಳ್ಳಿಯ ಹಾಗೆ ನಾರುತ್ತಿತ್ತು. ಎಲ್ಲ ಕಲಸಿ, ಈ ಸಲ ನನ್ನ ಕೈಗಲ್ಲ, ತಮ್ಮ ಕೈಗೇ ಹಚ್ಚಿಕೊಂಡು ನನ್ನ ಮುಂದೆ ಚಾಚುತ್ತಿದ್ದರು.

"ಐತಾ ಪಾಪ?"

"ಇಲ್ಲ ಅಕ್ಕ."

"ಏನು ಕಮ್ಮಿ?"

ಏನು ಕಮ್ಮಿ ಎಂದು ನಾನು ಏನು ಹೇಳಲಿ? ಹೊಗೆ ಕಮ್ಮಿ ಅನ್ನುತ್ತಿದ್ದೆ, ನೀರು ಜಾಸ್ತಿ ಅನ್ನುತ್ತಿದ್ದೆ. ಸ್ಕೂಲಿಂದ ಬಂದವಳೇ ಬ್ಯಾಗು ಎಸೆದು ಅಲ್ಲಿಗೆ ಓಡುತ್ತಿದ್ದೆ. ನನಗೆ ಅದೊಂದು ಆಟ. ಅವರಿಗೆ ಆಟವಲ್ಲ ಎಂದು ತಿಳಿಯುವ ವಯಸ್ಸಲ್ಲ.

ಒಂದು ಸಾಯಂಕಾಲ, ಅದೇನು ಸೇರಿಸಿದರೋ, ಒಲೆಯ ಬಿಸಿಗೆ ಕೈ ಹಿಡಿದಿದ್ದರು, ಇದ್ದಕ್ಕಿದ್ದಂತೆ ಅದು ಬಂತು. ಅದೇ. ಬರೀ ಕಲ್ಲು ಹೊಗೆ ಅಲ್ಲ, ಒಬ್ಬ ಮನುಷ್ಯ ಒಳಗೆ ಕಾಲಿಟ್ಟ ಹಾಗೆ. ನಾನು ಬಾಯಿ ತೆರೆಯುವ ಮೊದಲೇ ತಿರುಗಿ ಬಾಗಿಲ ಕಡೆ ನೋಡಿದೆ. ಅಕ್ಕನೂ ನೋಡಿದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತರು, ಹಂಡೆಯ ಕಡೆ ಒಂದು ಹೆಜ್ಜೆ ಇಟ್ಟೂ ಬಿಟ್ಟರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಗಾಳಿ ಬೀಸಿತೋ ಏನೋ, ಹೋಯಿತು. ಮತ್ತೆ ಎಷ್ಟು ಕಲಸಿದರೂ ಬರಲಿಲ್ಲ. ಗೋಸ್ಟ್ ಸ್ಟೋರಿ ಕೇಳಿ ಹೆದರುವವಳಲ್ಲ ನಾನು. ಆದರೆ ಆ ತೆರೆದ ಬಾಗಿಲು ಈ ವಯಸ್ಸಿನಲ್ಲೂ ಕನಸಿಗೆ ಬರುತ್ತದೆ.

ಅದೆಲ್ಲ ನಿಂತದ್ದು ಅಮ್ಮನಿಂದ. ಸಾರು ಕೊಡಲು ಹೋದವರು ಅಕ್ಕನ ತೋಳು ನೋಡಿದರು. ಕಾರ್ಬೈಡು ಸುಟ್ಟು ಅಲ್ಲಲ್ಲಿ ಬೊಬ್ಬೆ ಎದ್ದು, ಒಡೆದು, ಕೆಂಪಗಾಗಿತ್ತು. ಅಮ್ಮ ಡಬ್ಬಿಯನ್ನು ಕಿತ್ತುಕೊಂಡು ಚರಂಡಿಯಾಚೆ ಎಸೆದು ಬಂದರು. "ಸತ್ತೋದೋನ್ನ ಡಬ್ಬಿಯಾಗೆ ಕಲಸ್ತೀಯೇನೇ? ಇನ್ನೊಂದ್ಸಲ ಇದನ್ನ ಮುಟ್ಟಿದ್ರೆ ನಾನು ನಿನ್ನ ಮನೆ ಮೆಟ್ಲು ಅತ್ತಲ್ಲ," ಎಂದು ಬೈದು, ತಾವೇ ಕೂರಿಸಿ, ಗಾಯಕ್ಕೆ ಕೊಬ್ಬರಿಎಣ್ಣೆ ಹಚ್ಚಿದರು. ಎಣ್ಣೆ ಹಚ್ಚುವಾಗ ಅಕ್ಕ, "ನಾನೇ ಅಲ್ವಾ ಅಕ್ಕ ಓಗಿಸಿದ್ದು," ಎಂದರು. ಅಮ್ಮನ ಕೈ ನಿಂತುಹೋಯಿತು.

ಇದನ್ನೆಲ್ಲ ನಾನು ತಂಗಿಯ ಮೊಮ್ಮಗಳಿಗೆ ಹೇಳಲಿಲ್ಲ. ಒದ್ದೆ ಕಲ್ಲು ಸರಿ, ಹೊಗೆ ಸರಿ, ಆದರೆ ಇದರಲ್ಲಿ ಯಾರೂ ಇಲ್ಲ ಎಂದೆ. ಅವಳು ನಕ್ಕು, "ದಟ್ಸ್ ಸೋ ಡೀಪ್, ದೊಡ್ಡಜ್ಜಿ," ಎಂದು ಫೋನಿನಲ್ಲಿ ಹಾಕಿಕೊಂಡಳು. ಶಾಫ್ಟುಗಳು ಮುಚ್ಚಿ, ಒಳಗೆ ನೀರು ತುಂಬಿ ಎಷ್ಟೋ ಕಾಲವಾಯಿತು. ಆ ವಾಸನೆಯನ್ನು ಮನೆಗೆ ಹೊತ್ತು ತರುವವರು ಈಗ ಯಾರೂ ಇಲ್ಲ. ಅಪ್ಪ ಇಲ್ಲ, ಅಮ್ಮ ಇಲ್ಲ. ಮದುವೆಯಾದ ಮೇಲೆ ಒಂದು ಸಲ ಬೂದಿಕೋಟೆಗೆ ಹೋದಾಗ ಅಕ್ಕನನ್ನು ವಿಚಾರಿಸಿದ್ದೆ. ಯಾರಿಗೂ ಗೊತ್ತಿರಲಿಲ್ಲ. ನನಗೂ ಅವರ ಹಳ್ಳಿಯ ಹೆಸರು ಸರಿಯಾಗಿ ನೆನಪಿರಲಿಲ್ಲ...

ಅಕ್ಕ ಹೊರಟ ದಿನ ನನಗೆ ರಜೆ. ಅಮ್ಮ ನನ್ನನ್ನು ಶಾಫ್ಟಿನ ಗೇಟಿಗೆ ಕಳಿಸಿದರು. "ನಿಮ್ಮಪ್ಪನಿಗೆ ಏಳು, ಮನೆಗೆ ಬರೋದು ಬೇಡ, ಕೈಕಾಲೂ ತೊಳೀಬಾರ್ದು. ಎಂಗಿದ್ದಾರೋ ಅಂಗೇ ಸ್ಟೇಷನ್ನಿಗೆ ಬರಬೇಕಂತೆ ಅನ್ನು." ಹೇಳಿದೆ. ಅಪ್ಪ ಬಹಳ ನೀಟ್ ಮನುಷ್ಯ, ಕೊಳೆಮೈಯಲ್ಲಿ ಅಂಗಡಿಗೂ ಹೋಗುತ್ತಿರಲಿಲ್ಲ. ಯಾಕಂತೆ ಎಂದು ಕೇಳಲು ಹೋದವರು ಕೇಳಲಿಲ್ಲ. ನನ್ನ ಕೈ ಹಿಡಿಯದೆ ಪಕ್ಕದಲ್ಲಿ ನಡೆದು ಬಂದರು.

ಚಾಂಪಿಯನ್ ಸ್ಟೇಷನ್ನಿನಲ್ಲಿ ಒಂದು ಟ್ರಂಕು, ಒಂದು ಗಂಟು, ಅಕ್ಕ, ಅವರ ಅಣ್ಣ. ಅಮ್ಮ ಆ ಅಣ್ಣನನ್ನು ಪ್ಲಾಟ್‌ಫಾರಂನ ಆ ತುದಿಗೆ ಕರೆದುಕೊಂಡು ಹೋಗಿ, ಬಂಗಾರಪೇಟೆಯಲ್ಲಿ ಬಸ್ಸು ಎಷ್ಟೊತ್ತಿಗೆ, ಹಸು ಎಷ್ಟು ಹಾಲು ಕೊಡುತ್ತದೆ, ಈ ಸಲ ರಾಗಿ ಹೇಗೆ ಎಂದು ಬಿಡದೆ ಕೇಳತೊಡಗಿದರು. ಅವನ ಬೆನ್ನು ನಮ್ಮ ಕಡೆ ಇರುವ ಹಾಗೆ ನಿಂತಿದ್ದರು. ಅಪ್ಪ ಬಂದು ಟ್ರಂಕಿನ ಪಕ್ಕ ನಿಂತರು. ಮುಖದ ತುಂಬ ಧೂಳು, ಅಂಗಿ ಮೈಗಂಟಿತ್ತು. ಬೆಂಚಿನ ಮೇಲಿದ್ದ ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡು ಗುಸುಗುಸು ಅಂದರು. ಅಕ್ಕ ತಲೆಯೆತ್ತಿದರು.

"ನಿಂಗೆ ಎಷ್ಟೊತ್ತು ಬೇಕೋ ನಿಂತ್ಕೋ ತಾಯಿ," ಎಂದರು ಅಪ್ಪ. ಹೇಳಿ ಮುಖ ಹಳಿಗಳ ಕಡೆ ತಿರುಗಿಸಿಕೊಂಡರು.

ಅಕ್ಕ ಹತ್ತಿರ ಬಂದರು. ಮುಟ್ಟಲಿಲ್ಲ. ಅಪ್ಪನ ಭುಜದ ಹಿಂದೆ, ಕಿವಿಯ ಎತ್ತರಕ್ಕೆ ಮುಖ ತಂದು, ಕಣ್ಣು ಮುಚ್ಚಿ ನಿಂತರು. ಮಾರಿಕುಪ್ಪಂ ಕಡೆಯಿಂದ ರೈಲು ಕೂಗುತ್ತಾ ಬಂದು ನಿಲ್ಲುವವರೆಗೂ ಹಾಗೇ ಇದ್ದರು. ಆಗ ಒಂದು ಸಲ ದೀರ್ಘವಾಗಿ ಒಳಗೆ ಎಳೆದುಕೊಂಡು, ತಟಕ್ಕನೆ ತಿರುಗಿ, ನಿಂತ ರೈಲನ್ನು ಹತ್ತಿ, ಕಿಟಕಿಯ ಪಕ್ಕ ಕೂತರು.

ಅಮ್ಮ ಓಡಿ ಬಂದು ಕಿಟಕಿಯ ಸರಳು ಹಿಡಿದು ಏನೋ ಹೇಳಿದರು. ಅಕ್ಕ ತಲೆಯಾಡಿಸಿದರೇ ಹೊರತು ಬಾಯಿ ಬಿಚ್ಚಲಿಲ್ಲ. ನನ್ನನ್ನು ನೋಡಿದರು. ತುಟಿ ಬಿಗಿದಿತ್ತು, ಏರಿದ ಎದೆ ಇಳಿದಿರಲಿಲ್ಲ. ಅಕ್ಕ ಉಸಿರು ಹಿಡಿದಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ನಾನೂ ಹಿಡಿದೆ. ರೈಲು ಹೊರಟಿತು. ಕಿಟಕಿ ಚಿಕ್ಕದಾಗುತ್ತಾ ಹೋಯಿತು, ಅವರು ಹಾಗೇ ಕೂತಿದ್ದರು. ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುವ ಮೊದಲೇ ನನ್ನ ಉಸಿರು ಬಿಟ್ಟುಹೋಯಿತು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮುಂದಿನ ಸ್ಟೇಷನ್ ಊರಿಗಾಂವರೆಗೆ ಉಸಿರು ಹಿಡಿದಿದ್ದರೋ, ಅದರಾಚೆಯ ಕೋರಮಂಡಲ್‌ವರೆಗೋ, ನನಗೆ ಗೊತ್ತಿಲ್ಲ.