ಜವರಯ್ಯನ ಹೆಣ್ಣುಮಕ್ಕಳು

ಜವರಯ್ಯನಿಗೆ ನೇರ ಗೆರೆ ಕಂಡರೆ ಆಗುತ್ತಿರಲಿಲ್ಲ. ಮಾಲಿ ಕೆಲಸದವನಿಗೆ ಇದೆಂಥ ಕಾಯಿಲೆ ಅಂತೀರಾ? ಕಾಯಿಲೆಯೇ. ಎರಡು ಗೂಟ ನೆಟ್ಟು, ದಾರ ಎಳೆದು, ಆ ದಾರದ ಗುಂಟ ಗೋರಂಟಿ ಬೇಲಿ ಕತ್ತರಿಸಬೇಕೆಂದು ಪವರ್ ಹೌಸಿನ ಸಾಹೇಬರ ಕಟ್ಟಪ್ಪಣೆ ಇತ್ತು. ಜವರಯ್ಯ ಗೂಟ ನೆಡುತ್ತಿದ್ದ, ದಾರವನ್ನೂ ಎಳೆಯುತ್ತಿದ್ದ. ಆಮೇಲೆ ಒಂದು ಪಾದವನ್ನು ಇನ್ನೊಂದು ಮಂಡಿಗೆ ಆನಿಸಿ, ಒಂಟಿಕಾಲಲ್ಲಿ ನಿಂತು, ಬೀಡಿ ಮುಗಿಯುವ ತನಕ ಆ ದಾರವನ್ನೇ ದುರುಗುಟ್ಟಿ ನೋಡಿ, ಬಿಚ್ಚಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. "ದಾರುಕ್ಕೇನ್ ಗೊತ್ತು ಗಿಡದ ಸಂಗ್ತಿ" ಎಂದು ಗೊಣಗಿ ಕತ್ತರಿ ಹಿಡಿದನೆಂದರೆ ಬೇಲಿ ಅವನಿಗೆ ಬೇಕಾದ ಹಾಗೆ ಏಳುತ್ತಿತ್ತು, ಬೀಳುತ್ತಿತ್ತು, ಬಳುಕುತ್ತಿತ್ತು.

ನಾನು ಮದುವೆಯಾಗಿ ಮೈಸೂರಿನಿಂದ ಜಲಪಾತದ ಮೇಲಿನ ಬ್ಲಫ್ ಕಾಲೋನಿಗೆ ಬಂದದ್ದು ಯುದ್ಧ ಶುರುವಾದ ಹೊಸದರಲ್ಲಿ. ನನ್ನವರಿಗೆ ಕೆಳಗೆ ಪವರ್ ಹೌಸಿನಲ್ಲಿ ಪಾಳಿ ಕೆಲಸ. ನನಗೆ ದಿನವಿಡೀ ಮಾಡಲು ಕೆಲಸವಿಲ್ಲ. ಇದ್ದ ಒಂದೇ ಹೆಮ್ಮೆ ಎಂದರೆ ರಂಗೋಲಿ. ಟ್ರಂಕಿನಲ್ಲಿ ಮೂರು ನೋಟುಬುಕ್ಕು ತಂದಿದ್ದೆ. ಒಂದು ಬೆಳಿಗ್ಗೆ ಬುಕ್ಕನ್ನು ಮೆಟ್ಟಿಲ ಮೇಲೆ ತೆರೆದಿಟ್ಟುಕೊಂಡು, ಚುಕ್ಕಿ ಲೆಕ್ಕ ಹಾಕುತ್ತ ಹೂವು ಬಿಡಿಸುತ್ತಿದ್ದೆ. ನೀರಿನ ಕ್ಯಾನು ಹಿಡಿದು ಹೋಗುತ್ತಿದ್ದ ಜವರಯ್ಯ ನಿಂತ.

"ಅದೇನ್ ಅಮ್ಮಾವ್ರೆ, ಬುಕ್ ನೋಡ್ಕಂಡ್ ಬರೀತಾ ಇದ್ದೀರಿ?"

"ಹೂವು ಕಣಯ್ಯ, ಕಾಣಿಸೋದಿಲ್ವಾ?"

"ಊವಾ?" ಎಂದು ಬಗ್ಗಿ ನೋಡಿದ. "ಊವು ನಿಮ್ ಬೆನ್ನಿಂದೇನೇ ಐತಲ್ಲ. ತಿರುಗಿ ನೋಡಕ್ಕೂ ಬುಕ್ನಲ್ಲಿ ಬರ್ದೈತಾ?"

ಮೈಯೆಲ್ಲ ಉರಿಯಿತು. ಮಾಲಿಯ ಕೈಲಿ ಪಾಠ ಹೇಳಿಸಿಕೊಳ್ಳಬೇಕೇ ನಾನು? ಆದರೂ ಅವನು ಆಚೆ ಹೋದ ಮೇಲೆ ಕಳ್ಳಿಯಂತೆ ತಿರುಗಿ ನೋಡಿದೆ. ಕಾಶಿಕಣಗಲೆ ಐದು ದಳ ಬಿಟ್ಟುಕೊಂಡು ನಿಂತಿತ್ತು. ಒಂದೊಂದು ದಳವೂ ಪಕ್ಕದ್ದಕ್ಕೆ ಒಂಚೂರು ಓರೆ. ನನ್ನ ಚುಕ್ಕಿಯ ಹೂವೋ, ಮಿಲಿಟರಿಯಲ್ಲಿ ನಿಲ್ಲಿಸಿದಷ್ಟು ನೆಟ್ಟಗೆ! ಅಂದಿನಿಂದ ನೋಟುಬುಕ್ಕು ಟ್ರಂಕಿನಲ್ಲೇ ಉಳಿಯಿತು. ಅವನಿಗೆ ಮಾತ್ರ ಅದನ್ನು ಹೇಳಲಿಲ್ಲ.

ಸಾಹೇಬರ ಬಂಗಲೆಯ ಇಳಿಜಾರಿನಲ್ಲಿ ಅವನದೊಂದು ದೊಡ್ಡ ಪಾತಿ ಇತ್ತು. ಉದ್ದಕ್ಕೆ ಬಿಳಿ ಕಾಶಿಕಣಗಲೆ, ನಡುವೆ ಅಡ್ಡಡ್ಡ ಕರಿತುಳಸಿ, ಒಂದು ತುದಿಗೆ ಗುಲಾಬಿ ಬಣ್ಣದ್ದು, ಇನ್ನೊಂದು ತುದಿಗೆ ಉದ್ದನೆಯ ಮೂತಿಯ ಹಾಗೆ ಚೆಂಡುಹೂವು. ಏನು ಇದರ ಆಕಾರ ಎಂದು ಕಾಲೋನಿಯ ಹೆಂಗಸರಿಗೆಲ್ಲ ಚರ್ಚೆ. ನಾನು ಹೂಜಿ ಅಂದೆ. ಅದು ಜವರಯ್ಯನ ಕಿವಿಗೆ ಬಿತ್ತು. ಎರಡು ದಿನ ನಮ್ಮ ಮನೆಗೆ ಹೂವು ಕೊಡಲಿಲ್ಲ.

ಇಂಥ ಸಿಡುಕನಿಗೆ ಅವನ ಹೆಣ್ಣುಮಕ್ಕಳೆಂದರೆ ಮಾತ್ರ ಜೀವ. ಸಂಕ್ರಾಂತಿ ಸುಮಾರಿಗೆ ನಮ್ಮ ಬಾಗಿಲಿಗೆ ಬಂದು ತಲೆ ಕೆರೆದುಕೊಳ್ಳುತ್ತ ನಿಲ್ಲುತ್ತಿದ್ದ. "ಎಣ್ಮಕ್ಳು ಬಾಣಂತನಕ್ಕೆ ಬಂದವ್ರಂತೆ ಅಮ್ಮಾವ್ರೆ. ಒಂದ್ ತಿಂಗ್ಳು ರಜಾ ಕಾಗ್ದ ಬರ್ಕೊಡಿ." ನಾನು ಮುದ್ದಾದ ಅಕ್ಷರದಲ್ಲಿ ಬರೆದುಕೊಡುತ್ತಿದ್ದೆ. ಬರೀ ಕಾಗದವೇ? ಮೂರು ವರ್ಷ ಕುಲಾವಿ ಹೊಲಿದುಕೊಟ್ಟೆ, ಹಳೆಯ ಮೆತ್ತನೆ ಸೀರೆ ಕೊಟ್ಟೆ, ಒಣಶುಂಠಿ ಕಟ್ಟಿಕೊಟ್ಟೆ. ಅವನು ಎಲ್ಲವನ್ನೂ ಕಣ್ಣಿಗೊತ್ತಿಕೊಂಡು ತೆಗೆದುಕೊಂಡ. ಮದ್ದೂರಿನ ಕಡೆ ಅವನ ಊರು ಎಂದಷ್ಟೇ ನನಗೆ ಗೊತ್ತಿತ್ತು.

ನಾಲ್ಕನೆಯ ವರ್ಷ ಸಾಹೇಬರಿಗೆ ಅನುಮಾನ ಬಂತು. ನಾನು ಅವರ ಹೆಂಡತಿಯ ಜೊತೆ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದೆ. ನನ್ನ ಕಾಗದವನ್ನೇ ಕೈಯಲ್ಲಿ ಹಿಡಿದುಕೊಂಡು ಸಾಹೇಬರು ಕೇಳಿದರು.

"ಜವರಯ್ಯ, ನಿನಗೆ ಎಷ್ಟು ಜನ ಹೆಣ್ಣುಮಕ್ಕಳು?"

"ಎಣ್ಸಿಲ್ಲ ಬುದ್ದಿ."

"ಎಣಿಸಿಲ್ಲ? ಹುಟ್ಟಿಸಿದವನು ನೀನಲ್ವೇನಯ್ಯ?"

"ಎಂಗ್ ಎಣಿಸ್ಲಿ ಬುದ್ದಿ? ಉಣಸೇಮರದ ತುಂಬ ಅವ್ರೆ."

ಸಾಹೇಬರ ಹೆಂಡತಿಗೆ ಕಾಫಿ ನೆತ್ತಿಗೇರಿತು. ಸಾಹೇಬರು ಕನ್ನಡಕ ತೆಗೆದರು. "ಮರದ ಮೇಲೆ ಏನಿದೆ? ಸರಿಯಾಗಿ ಹೇಳು."

"ಅಕ್ಕಿ ಬುದ್ದಿ."

ಅಯ್ಯೋ, ಆಗ ಅಕ್ಕಿಗೆ ರೇಷನ್ನು! ಹಿಡಿ ಅಕ್ಕಿ ಬಚ್ಚಿಟ್ಟರೂ ಪೊಲೀಸರು ಬರುವ ಕಾಲ. ಸಾಹೇಬರ ಮುಖ ಕೆಂಪಗಾಯಿತು. "ಮರದಲ್ಲಿ ಅಕ್ಕಿ ಬಚ್ಚಿಟ್ಟಿದ್ದೀಯಾ?" ನಾನು ಮರ್ಯಾದೆ ಗಿರ್ಯಾದೆ ಎಲ್ಲ ಬಿಟ್ಟು ಎದ್ದು ನಿಂತು ಕೂಗಿದೆ: "ಹಕ್ಕಿ ಸಾರ್, ಹಕ್ಕಿ!"

"ಅದ್ನೇ ತಾನೆ ನಾನೂ ಯೋಳಿದ್ದು?" ಎಂದ ಜವರಯ್ಯ, ನನ್ನ ಕಡೆ ಬೇಸರದಿಂದ ನೋಡಿ.

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಅವನ ಊರು ಕೊಕ್ಕರೆ ಬೆಳ್ಳೂರು. ವರ್ಷ ವರ್ಷ ಕೊಕ್ಕರೆಗಳು ಬಂದು ಊರೊಳಗಿನ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಅವು ಹೋಗುವ ತನಕ ಗೂಡಿನ ಕೊಂಬೆಯ ಹುಣಸೆಹಣ್ಣನ್ನೂ ಬಡಿಯುವುದಿಲ್ಲ. "ನಂಗೂ ನನ್ನೆಂಡ್ರುಗೂ ಮಕ್ಳಿಲ್ಲ ಬುದ್ದಿ. ಇರೋ ಎಣ್ಮಕ್ಳು ಅವೇಯ. ನಂ ಇತ್ಲಲ್ಲಿರೋ ಮರ ನಂಗೂ ನನ್ ತಮ್ಮಂಗೂ ಜಂಟಿ. ಈಗ ಪೆಟ್ರೋಲ್ ಸಿಗ್ದೆ ಬಸ್ಸೆಲ್ಲ ಇದ್ಲಲ್ಲಿ ಓಡ್ತವಂತಲ್ಲ, ಇದ್ಲಿಗೆ ಮರ ಕೊಡಾನ ಅಂತ ಅವ್ನು ಕಾಯ್ತಾ ಅವ್ನೆ. ನಾನು ಓಗಿ ಬುಡ್ದಲ್ಲಿ ಕುಂತ್ರೆ ಸರಿ. ಇಲ್ದಿದ್ರೆ ಗೂಡಿನ್ ಸಮೇತ ಉರುಳುಸ್ಬುಡ್ತಾನೆ."

ಸಾಹೇಬರು ಕೆಟ್ಟವರಲ್ಲ. ಎದ್ದು ಜಗಲಿಯ ಅಂಚಿಗೆ ಹೋಗಿ ಇಳಿಜಾರಿನ ಪಾತಿಯನ್ನು ನೋಡಿದರು. ನಾನೂ ನೋಡಿದೆ. ಬಿಳಿ ಮೈ, ಕಪ್ಪು ಪಟ್ಟೆಯ ರೆಕ್ಕೆ, ಬಾಲದ ಹತ್ತಿರ ಗುಲಾಬಿ, ಹಳದಿ ಕೊಕ್ಕು. ಹೂಜಿಯಂತೆ ಹೂಜಿ! ನನ್ನ ಕಣ್ಣಿಗಿಷ್ಟು. "ಸೊಗಸಾಗಿದೆ ಕಣಯ್ಯ" ಎಂದರು ಸಾಹೇಬರು. ಆ ವರ್ಷದ ರಜೆಯನ್ನೂ ಕೊಟ್ಟರು. "ಆದರೆ ಮುಂದಿನ ಸಲ ಹತ್ತೇ ದಿನ. ಹಕ್ಕಿಯ ಬಾಣಂತನಕ್ಕೆ ರೂಲ್ಸಿನಲ್ಲಿ ಜಾಗ ಇಲ್ಲ."

ಹೊರಗೆ ಬಂದು ಜವರಯ್ಯನನ್ನು ಹಿಡಿದು ನಿಲ್ಲಿಸಿದೆ. "ನನ್ನ ಕುಲಾವಿ ಏನು ಮಾಡಿದೆಯೋ?"

"ಗೂಡಿಂದ ಬಿದ್ದ ಮರಿಗೊಳ್ಗೆ ಆಸಿದ್ದೆ ಅಮ್ಮಾವ್ರೆ. ಬೋ ಬೆಚ್ಚಗಿತ್ತು. ಶುಂಠಿ ಮಾತ್ರ ಅವು ತಿನ್ನಾಕಿಲ್ಲ, ನಾನೇ ಕಾಪಿಗಾಕಂಡೆ."

ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ, ಎರಡೂ ಮಾಡಿದೆ. ಆ ಸಂಕ್ರಾಂತಿಗೆ ಅಂಗಳದ ತುಂಬ ಒಂದು ಕೊಕ್ಕರೆ ಬಿಡಿಸಿದೆ, ಚುಕ್ಕಿ ಇಲ್ಲದೆ, ಅವನ ಪಾತಿಯ ಬಳುಕನ್ನೇ ಹಿಡಿದು. ಎಳ್ಳು ಬೀರಲು ಬಂದ ಹೆಂಗಸರೆಲ್ಲ ನಿಂತು ನೋಡಿ, "ಹೂಜಿ ಬಲು ಚೆನ್ನಾಗಿದೆ ಕಣ್ರೀ" ಎಂದರು.

ಮರುವರ್ಷ ಊರಿಂದ ಸುದ್ದಿ ಬಂತು. ಜವರಯ್ಯನ ತಮ್ಮ ಆ ಮರಕ್ಕೆ ಗಿರಾಕಿ ಗೊತ್ತು ಮಾಡಿದ್ದಾನೆ. ಹತ್ತು ದಿನದ ರಜೆಯಿಂದ ಏನಾಗಬೇಕು? ಜವರಯ್ಯ ಬಂದು ಕೆಲಸ ಬಿಡುವ ಕಾಗದ ಬರೆದುಕೊಡಿ ಎಂದ. ನಾನು ರೇಗಿದೆ. "ಬುದ್ಧಿ ಇದೆಯಾ ನಿನಗೆ? ಈ ಕಾಲದಲ್ಲಿ ಯಾರಾದರೂ ಸಂಬಳದ ಕೆಲಸ ಬಿಡ್ತಾರಾ? ಈ ತೋಟ ಏನಾಗಬೇಕು?"

"ತ್ವಾಟ ಇನ್ನೊಬ್ಬ ಮಾಡ್ತಾನೆ. ಎಣ್ಮಕ್ಳು ಬಂದಾಗ ತವರು ಇಲ್ದಂಗಾದ್ರೆ ಯಾವ್ ಮಕ ಇಟ್ಕಂಡು ತ್ವಾಟ ಮಾಡ್ಲಿ?"

ಬರೆದುಕೊಟ್ಟೆ. ಕಾಗದ ಮಡಿಸುತ್ತ ಅವನು ನನ್ನನ್ನೊಮ್ಮೆ ನೋಡಿದ. ನನಗಾಗ ಏಳು ತಿಂಗಳು.

"ನಿಮ್ಗೆ ಬಾಣಂತನ ಎಲ್ಲಿ ಅಮ್ಮಾವ್ರೆ?"

"ಇಲ್ಲೇ. ನನಗೆ ತಾಯಿ ಇಲ್ಲ, ಜವರಯ್ಯ. ಹೋಗುವಂಥ ಮನೆಯೂ ಇಲ್ಲ."

ಅವನು ಕಾಗದವನ್ನು ಜೇಬಿಗಿಟ್ಟುಕೊಂಡ. "ನಡಿಯವ್ವ ನಮ್ಮೂರ್ಗೆ" ಎಂದ. "ಅಷ್ಟು ಜನುಕ್ಕೆ ಜಾಗ ಐತೆ, ನಿಂಗೊಬ್ಳಿಗೆ ಇಲ್ವಾ?"

ನಾನು ನಕ್ಕುಬಿಟ್ಟೆ. ಮಡಿ ಮೈಲಿಗೆಯ ಮನೆ ನಮ್ಮದು. ಮಾಲಿಯ ಮನೆಗೆ ಬಾಣಂತನಕ್ಕೆ ಹೋಗುತ್ತೇನೆಂದರೆ ಆಕಾಶವೇ ಕಳಚಿ ಬೀಳುತ್ತಿತ್ತು. ಅವನು ತಮಾಷೆಗೆ ಹೇಳಿದ ಎಂದುಕೊಳ್ಳುವುದು ನನಗೂ ಸುಲಭವಾಗಿತ್ತು. ಅವನೂ ನಕ್ಕು, ಟವೆಲು ಕೊಡವಿ ಹೊರಟುಹೋದ.

ಮಗಳು ಬ್ಲಫ್‌ನಲ್ಲೇ ಹುಟ್ಟಿದಳು. ಹದಿನೈದು ದಿನ ಕಳೆದಿರಬೇಕು, ಮಳವಳ್ಳಿ ಬಸ್ಸಿಳಿದು ಬಂದ ಒಬ್ಬ ಹಳ್ಳಿಯವನು ಬಾಗಿಲಲ್ಲಿ ಒಂದು ಗಂಟು ಇಟ್ಟ. ಒಣಕೊಬ್ಬರಿ, ಬೆಲ್ಲ, ಒಂದು ಚಿಕ್ಕ ಹರಳೆಣ್ಣೆ ಶೀಶೆ, ಮೆಣಸು. ನಾನು ಹೊಸ್ತಿಲ ಒಳಗೇ ನಿಂತು ಕೇಳಿದೆ: "ಜವರಯ್ಯ ಬರಲಿಲ್ವಾ?"

"ಎಂಗ್ ಬಂದಾನವ್ವಾ? ಮರದ ಬುಡ ಬುಟ್ಟು ಏಳಂಗಿಲ್ಲ. ಕೊಡ್ಲಿ ತಂದೋರ್ನ ಎಲ್ಡು ಸತಿ ಓಡಿಸವ್ನೆ."

"ಇದನ್ನು ಕೊಟ್ಟು ಏನು ಹೇಳು ಅಂದ?"

ಅವನು ಸಂಕೋಚದಿಂದ ನೆಲ ನೋಡಿದ. "ಏನೂ ಅನ್ಲಿಲ್ಲ. ಯಾರು ಕಳ್ಸಿದ್ದು ಅಂತ ನಿಮ್ಮನೇರು ಕೇಳುದ್ರೆ, ತವರೋರು ಅನ್ನು ಅಂದ."