ಎದುರುಮನೆಯ ಪರಸ್ಥಳದವಳು

ಬುಡಾಪೆಸ್ಟಿನ ಎಂಟನೇ ವಾರ್ಡಿನ ಆ ಬೀದಿಯಲ್ಲಿ ಎತೆಲ್ಕಾಳ ಬಾಯಿಗೆ ಹೆದರದವರು ಇರಲಿಲ್ಲ. ವಯಸ್ಸು ಎಪ್ಪತ್ತೊಂದು. ಮೂವತ್ತನಾಲ್ಕು ವರ್ಷ ಒಂದು ನಾಟಕಶಾಲೆಯ ಬಾಗಿಲಲ್ಲಿ ನಿಂತು, ಪ್ರೇಕ್ಷಕರ ಕೋಟುಗಳನ್ನು ತೆಗೆದಿಟ್ಟುಕೊಂಡು ಬಿಲ್ಲೆ ಕೊಡುವ ಕೆಲಸ ಮಾಡಿದವಳು. ಒಳಗೆ ನಡೆದ ನಾಟಕಗಳನ್ನೆಲ್ಲ ಕದದ ಸಂದಿಗೆ ಕಿವಿಯಿಟ್ಟೇ ನೋಡಿ ಮುಗಿಸಿದ್ದಳು. ಅವಕಾಶ ಸಿಕ್ಕಿದ್ದರೆ ರಂಗದ ಮೇಲೆ ಕಿರುಚಾಡುತ್ತಿದ್ದ ಆ ಹೆಂಗಸರಿಗಿಂತ ತಾನೇ ಚೆನ್ನಾಗಿ ಅಭಿನಯಿಸುತ್ತಿದ್ದೆ ಎಂಬುದರಲ್ಲಿ ಆಕೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ನವೆಂಬರ್ ತಿಂಗಳ ಒಂದು ಸೋಮವಾರ ಆಕೆ ಇದ್ದ ಹದಿನಾಲ್ಕನೇ ನಂಬರಿನ ಕಟ್ಟಡದಲ್ಲಿ ಗ್ಯಾಸ್ ಸೋರುತ್ತಿದೆಯೆಂದು ಗೊತ್ತಾಯಿತು. ನೌಕರರು ಬಂದು ಮೂಸಿದರು, ತಲೆಯಾಡಿಸಿದರು, ಇಡೀ ಕಟ್ಟಡದ ಗ್ಯಾಸು ನಿಲ್ಲಿಸಿ ಹೋದರು. ಮೂರು ಮಹಡಿಯಲ್ಲೂ ಒಲೆಯಿಲ್ಲ, ಬಿಸಿನೀರಿಲ್ಲ, ಕೋಣೆ ಬೆಚ್ಚಗಾಗುವುದಿಲ್ಲ. ಕೊಳವೆಗಳನ್ನು ಹೊಸದಾಗಿ ಹಾಕಲು ಮೂರು ವಾರವಾದರೂ ಬೇಕು ಎಂದು ಕಟ್ಟಡ ಸಮಿತಿಯ ಅಧ್ಯಕ್ಷ ಕಾಲ್ಮಾನ್ ಒಂದು ಚೀಟಿ ಬರೆದು ಅಂಟಿಸಿದ. ಕಾಲ್ಮಾನ್ ನಿವೃತ್ತ ಭೂಗೋಳದ ಮೇಷ್ಟ್ರು, ಮೂರನೇ ಮಹಡಿಯ ಎತೆಲ್ಕಾಳ ಮನೆಯ ಕೆಳಗಿನ ಮನೆಯವನು. ಆಕೆ ಮೇಲೆ ಕಂಬಳಿ ಕೊಡವುವುದು, ಧೂಳು ಅವನ ಹೂಕುಂಡಕ್ಕೆ ಬೀಳುವುದು, ಅದಕ್ಕೊಂದು ಜಗಳ. ಇದು ಇಪ್ಪತ್ತು ವರ್ಷದಿಂದ ನಡೆದುಕೊಂಡು ಬಂದಿತ್ತು.

ಮೂರು ದಿನ ಎತೆಲ್ಕಾ ಎರಡೆರಡು ಸ್ವೆಟರು ಹಾಕಿಕೊಂಡು ಹಟದಿಂದ ಕೂತಳು. ನಾಲ್ಕನೆಯ ದಿನ ಮುಖ ತೊಳೆಯಲು ಹೋದಾಗ ಸೋಪು ಕೂಡ ನೊರೆ ಬಿಡಲು ಒಪ್ಪಲಿಲ್ಲ. ಕೈಗೆಟುಕುವ ಬಾಡಿಗೆಯ ಹೋಟೆಲೆಂದರೆ ಆ ಸುತ್ತಿನಲ್ಲಿ ಒಂದೇ ಒಂದು, ಅದೂ ಕಿಟಕಿಯಿಂದ ಕಾಣುವಷ್ಟು ಹತ್ತಿರ, ಟ್ರಾಮ್ ಹಳಿಯ ಆಚೆ ಬದಿಗೆ. ಆದರೆ ಅಲ್ಲಿಗೆ ಹೋಗಲು ಆಕೆಗೆ ಮುಖವಿರಲಿಲ್ಲ.

ಯಾಕೆಂದರೆ ಎರಡು ವರ್ಷದ ಹಿಂದೆ ಅಲ್ಲಿದ್ದ ಹಳೇ ಕೈಗವಸಿನ ಕಾರ್ಖಾನೆಯನ್ನು ಒಂದು ಸೇವಾಸಂಸ್ಥೆ ಕೊಂಡು ಹೋಟೆಲು ಮಾಡಹೊರಟಿತ್ತು. ಹೆಸರು 'ತೆರೆದ ಕೊಡೆ'. ಬೇರೆಲ್ಲೂ ಕೆಲಸ ಸಿಗದವರಿಗೇ ಅಲ್ಲಿ ಕೆಲಸ. ಮನೆ ಕಳಕೊಂಡು ಬೀದಿಯಲ್ಲಿ ಮಲಗಿದವರು, ಕಿವಿ ಕೇಳದವರು, ಜೈಲು ನೋಡಿ ಬಂದವರು, ಹೀಗೆ. ಸುದ್ದಿ ಕೇಳಿದ ದಿನವೇ ಎತೆಲ್ಕಾ ಕಾಗದ ಹಿಡಿದು ಮನೆಮನೆ ಹತ್ತಿ ಇಳಿದಳು. 'ನಮ್ಮ ಬೀದಿಗೆ ಇದು ಬೇಡ' ಎಂದು ನಗರಸಭೆಗೆ ಒಂದು ಮನವಿ. ಕಾಲ್ಮಾನನದೂ ಸೇರಿ ಅರವತ್ತಮೂರು ಜನರ ಸಹಿ, ಮೊದಲನೆಯದು ಅವಳದೇ. ನಗರಸಭೆ ಅದನ್ನು ಓದಿತೋ ಇಲ್ಲವೋ, ಹೋಟೆಲಂತೂ ತೆರೆಯಿತು. ಅಂದಿನಿಂದ ಎತೆಲ್ಕಾ ಆ ಬದಿಯ ಕಾಲುದಾರಿಯಲ್ಲಿ ಕಾಲಿಟ್ಟವಳಲ್ಲ.

ಈಗ ಏನು ಮಾಡುವುದು? ಎತೆಲ್ಕಾ ಟ್ರಂಕಿನಿಂದ ಗರಿಯಿರುವ ಟೋಪಿಯನ್ನು ಹೊರತೆಗೆದಳು. ಸೂಟ್‌ಕೇಸು ಹಿಡಿದು ಟ್ರಾಮ್ ಹತ್ತಿ, ರೈಲ್ವೆ ನಿಲ್ದಾಣದ ತನಕ ಹೋಗಿ, ಅಲ್ಲಿ ಒಂದು ಕಾಫಿ ಕುಡಿದು, ವಾಪಸು ಟ್ರಾಮ್ ಹತ್ತಿ ಬಂದು ಹೋಟೆಲಿನ ಮುಂದೆ ಏದುಸಿರು ಬಿಡುತ್ತ ಇಳಿದಳು. ಪರಸ್ಥಳದವಳು ಎನ್ನಲು ಇನ್ನೇನು ಬೇಕು?

ಸ್ವಾಗತದ ಮೇಜಿನ ಹಿಂದೆ ಗಾಲಿಕುರ್ಚಿಯಲ್ಲಿ ಕೂತಿದ್ದವಳು ವಿಯೋಲಾ. ಮೂವತ್ತೈದರ ಆಜುಬಾಜಿನವಳು, ಉಗುರಿಗೆ ನೇರಳೆ ಬಣ್ಣ. ಜಗಳಕ್ಕೆ ಬಂದವರ ಕಾಲ್ಬೆರಳ ಮೇಲೆ ಗಾಲಿ ಹತ್ತಿಸಿ ಆಮೇಲೆ ಕ್ಷಮೆ ಕೇಳುತ್ತಾಳೆಂದು ಬೀದಿಯಲ್ಲಿ ಮಾತಿತ್ತು.

"ಕೈಗೆ ಮುತ್ತು, ಅಮ್ಮಾ. ತುಂಬಾ ದೂರದಿಂದ ಬಂದಂಗಿದೆ," ಎಂದಳು ವಿಯೋಲಾ, ಹಿರಿಯ ಹೆಂಗಸರಿಗೆ ಆ ಊರಲ್ಲಿ ಹೇಳುವ ನಮಸ್ಕಾರದೊಂದಿಗೆ.

"ಸೆಗೆಡ್‌ನಿಂದ ಕಣಮ್ಮ. ರೈಲಲ್ಲಿ ಪಕ್ಕದೋನು ದಾರಿಯುದ್ದಕ್ಕೂ ಗೊರಕೆ. ನಿದ್ದೆ ಇಲ್ಲ, ಏನಿಲ್ಲ."

"ಅಯ್ಯೋ ಪಾಪ. ಬುಡಾಪೆಸ್ಟ್ ಮೊದಲು ನೋಡಿದ್ರಾ?"

"ಚಿಕ್ಕೋಳಿದ್ದಾಗ ಒಂದ್ಸಲ ಬಂದಿದ್ದೆ, ಆನೆ ನೋಡೋಕೆ."

ಗುರುತಿನ ಚೀಟಿ ಕೊಡಲು ಎತೆಲ್ಕಾ ಹಿಂಜರಿಯಲಿಲ್ಲ. ಅದರಲ್ಲಿ ವಿಳಾಸವಿರುವುದಿಲ್ಲ. ಹೆಸರು ಕೂಡ ಹಳೇ ಪದ್ಧತಿಯಂತೆ ಗಂಡನದು, 'ಬೊದ್ರೋಗಿ ಲಾಸ್ಲೋನ ಹೆಂಡತಿ' ಎಂದು. ಎತೆಲ್ಕಾ ಎಂಬ ಹೆಸರಲ್ಲದೆ ಬೇರೆ ಹೆಸರು ಬೀದಿಯಲ್ಲಿ ಯಾರಿಗೆ ಗೊತ್ತು? ವಿಯೋಲಾ ಚೀಟಿಯನ್ನು ಒಂದು ಗಳಿಗೆ ಜಾಸ್ತಿಯೇ ನೋಡಿದಳು. ಆಮೇಲೆ ಬಲು ವಿನಯದಿಂದ ಊರಿನ ನಕ್ಷೆಯೊಂದನ್ನು ಬಿಡಿಸಿಟ್ಟಳು.

"ನಾವಿರೋದು ಇಲ್ಲಿ, ಅಮ್ಮಾ. ರಸ್ತೆ ದಾಟೋವಾಗ ಜೋಪಾನ, ಇಲ್ಲಿ ಟ್ರಾಮು ಎರಡೂ ಕಡೆಯಿಂದ ಬರುತ್ತೆ. ಸೆಗೆಡ್ ಥರ ಅಲ್ಲ." ಪೆನ್ನಿನಿಂದ ಒಂದು ಕಡೆ ಗುಂಡಗೆ ಸುತ್ತು ಹಾಕಿದಳು. "ಇನ್ನೊಂದು ಮಾತು. ಎದುರುಗಡೆ ಇದೆಯಲ್ಲ ಹದಿನಾಲ್ಕನೇ ನಂಬರು, ಅಲ್ಲಿಂದ ಸ್ವಲ್ಪ ದೂರಾನೇ ಇರಿ. ಅಲ್ಲಿಯೋರದು ಬಾಯಿ ಜೋರು."

"ಹೌದಾ?" ಎಂದಳು ಎತೆಲ್ಕಾ. ಗಂಟಲಿಗೆ ಬಂದ ಉತ್ತರವನ್ನು ನುಂಗಿಕೊಳ್ಳಲು ಆಕೆ ಪಟ್ಟ ಪಾಡು ಟೋಪಿಯ ಗರಿಗಷ್ಟೇ ಗೊತ್ತು.

ಕೋಣೆಯಲ್ಲಿ ಕೊಂಕು ಹುಡುಕಲು ಆಕೆ ಒಂದು ಗಂಟೆ ವ್ಯಯಿಸಿದಳು. ಮಂಚದ ಕೆಳಗೆ ಬೆರಳಾಡಿಸಿದಳು, ಧೂಳಿಲ್ಲ. ಹಾಸಿಗೆಯ ಮೂಲೆಗಳನ್ನು ಎಳೆದು ನೋಡಿದಳು, ಬಿಗಿಯಾಗಿದ್ದವು. ನೀರು ಸುಡುತ್ತಿತ್ತು. ಬೇಸರದಿಂದ ಪರದೆ ಸರಿಸಿದರೆ ಎದುರಿಗೆ ಅವಳದೇ ಮನೆಯ ಕಿಟಕಿ. ಅಡುಗೆಮನೆಯ ದೀಪ ಉರಿಯುತ್ತಲೇ ಇದೆ! ಆರಿಸಲು ಮರೆತು ಬಂದಿದ್ದಳು. ಹೋಗಿ ಆರಿಸೋಣವೆಂದರೆ ಸೆಗೆಡ್‌ನ ಹೆಂಗಸಿಗೆ ಹದಿನಾಲ್ಕನೇ ನಂಬರಿನ ಬೀಗದಕೈ ಎಲ್ಲಿಂದ ಬಂತು? ಜೊತೆಗೆ ಇಲ್ಲಿಂದ ನೋಡಿದರೆ ತನ್ನ ಮನೆಯ ಪರದೆಗಳು ಎಷ್ಟು ಕೊಳಕು ಎಂಬುದೂ ಮೊದಲ ಸಲ ಕಣ್ಣಿಗೆ ಬಿತ್ತು. ಎರಡು ವರ್ಷದಿಂದ ಇಲ್ಲಿಯ ಅತಿಥಿಗಳೆಲ್ಲ ಇದನ್ನೇ ನೋಡುತ್ತಿದ್ದಾರೆ ಎಂದುಕೊಂಡು ಮೈ ಬಿಸಿಯಾಯಿತು.

ಮರುದಿನ ಬೆಳಿಗ್ಗೆ ತಿಂಡಿಯ ಕೋಣೆಯಲ್ಲಿ ಮೂಲೆಯ ಮೇಜಿನ ಹಿಂದೆ ಒಂದು ಪತ್ರಿಕೆ ಅಗಲವಾಗಿ ಹರಡಿಕೊಂಡಿತ್ತು. ಅದನ್ನು ಹಿಡಿದಿದ್ದ ಬೆರಳುಗಳಲ್ಲಿ ಕುಂಡದ ಮಣ್ಣು. ಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು. ಕಪ್ಪು ಕನ್ನಡಕ ಹಾಕಿಕೊಂಡ ಕಾಲ್ಮಾನ್! ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎತೆಲ್ಕಾಳ ಕೈಯ ಉಪ್ಪಿನ ಬನ್ನು ತಟ್ಟೆಗೆ ಬಿತ್ತು.

ಅಷ್ಟರಲ್ಲಿ ವಿಯೋಲಾ ಗಾಲಿ ಉರುಳಿಸಿಕೊಂಡು ಬಂದೇಬಿಟ್ಟಳು.

"ಒಳ್ಳೇದಾಯ್ತು, ಇಬ್ರೂ ಸಿಕ್ಕಿದ್ರಿ. ಅಮ್ಮಾ, ಇವರು ಪೇಚ್ ಊರಿನೋರು. ನಿನ್ನೆ ಬಂದ್ರು. ಸಾರ್, ಇವರು ಸೆಗೆಡ್‌ನೋರು. ಪಾಪ, ಇಬ್ರಿಗೂ ಊರು ಹೊಸದು."

"ಸಂತೋಷ," ಎಂದ ಕಾಲ್ಮಾನ್ ಕೆಮ್ಮುತ್ತ.

"ಪೇಚ್‌ನೋರಾ?" ಎಂದಳು ಎತೆಲ್ಕಾ ಜೇನಿನಂಥ ದನಿಯಲ್ಲಿ. "ನೋಡಿದ್ರೆ ಹಾಗನ್ಸಲ್ಲ. ಅಲ್ಲಿಯ ಗಂಡಸ್ರು ಲಕ್ಷಣವಾಗಿರ್ತಾರೆ ಅಂತ ಕೇಳಿದ್ದೆ."

"ಸೆಗೆಡ್‌ನ ಹೆಂಗಸ್ರು ಮೆತ್ತಗೆ ಮಾತಾಡ್ತಾರೆ ಅಂತ ನಾನೂ ಕೇಳಿದ್ದೆ."

"ಅಬ್ಬಾ, ಎಷ್ಟು ಬೇಗ ಹೊಂದಿಕೊಂಡ್ರಿ!" ಎಂದಳು ವಿಯೋಲಾ. "ಹತ್ತು ಗಂಟೆಗೆ ನಮ್ಮ ದೆಜೋ ಈ ಬೀದಿಗಳನ್ನೆಲ್ಲ ತಿರುಗಾಡಿಸಿ ತೋರಿಸ್ತಾನೆ. ಇವತ್ತು ಬೇರೆ ಯಾರೂ ಇಲ್ಲ. ನೀವಿಬ್ರೇ."

ಒಲ್ಲೆ ಎನ್ನಲು ಇಬ್ಬರ ಬಳಿಯೂ ಕಾರಣವಿರಲಿಲ್ಲ. ಹೊಸ ಊರಿಗೆ ಬಂದವರು ಊರು ನೋಡಲ್ಲ ಎಂದರೆ ಹೇಗೆ?

ದೆಜೋ ಉದ್ದನೆಯ, ಬೆನ್ನು ಬಾಗಿದ ಮನುಷ್ಯ. ಆರು ವರ್ಷ ಬೀದಿಯಲ್ಲಿ ಕಳೆದು, ಈಗ ಹೋಟೆಲಿನ ಅತಿಥಿಗಳಿಗೆ ಅದೇ ಬೀದಿಗಳನ್ನು ತೋರಿಸುವವನು. ಎತೆಲ್ಕಾ ಮೂವತ್ತು ವರ್ಷದಿಂದ ಮಾಂಸ ಕೊಳ್ಳುತ್ತಿದ್ದ ಅಂಗಡಿಯ ಮುಂದೆ ನಿಲ್ಲಿಸಿ, "ಇದು ಮಾಂಸದಂಗಡಿ, ಅಮ್ಮಾ. ತೂಕದಲ್ಲಿ ಹೆಬ್ಬೆರಳೂ ಸೇರಿರುತ್ತೆ," ಎಂದ. ಇದು ಎತೆಲ್ಕಾಳಿಗೆ ಗೊತ್ತಿರಲಿಲ್ಲ. ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು. ದಾರಿಯುದ್ದಕ್ಕೂ ಪರಿಚಯದವರು ಕೈ ಬೀಸುತ್ತಿದ್ದರು. ಎತೆಲ್ಕಾ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡರೆ, ಕಾಲ್ಮಾನ್ ಗೋಡೆಗಳ ಕಡೆ ತಿರುಗಿ ಇಟ್ಟಿಗೆಗಳನ್ನು ಮೆಚ್ಚುತ್ತಿದ್ದ.

ಕೊನೆಗೆ ದೆಜೋ ಹದಿನಾಲ್ಕನೇ ನಂಬರಿನ ಹೊಸ್ತಿಲಿಗೆ ತಂದು ನಿಲ್ಲಿಸಿದ.

"ಇಲ್ಲಿ ನಾನು ಒಂದು ಚಳಿಗಾಲ ಪೂರ್ತಿ ಮಲಗಿದ್ದೆ," ಎಂದ. "ಮೂರನೇ ಮಹಡೀಲಿ ಒಬ್ಬಾಕೆ ಇದ್ದಾಳೆ. ದಿನಾ ಬೆಳಿಗ್ಗೆ ಆರಕ್ಕೆ ಬಕೆಟ್ ಹಿಡಕೊಂಡು ಇಳಿದು ಬರೋಳು. 'ಮೂರು ಎಣಿಸ್ತೀನಿ, ಏಳ್ಲಿಲ್ಲ ಅಂದ್ರೆ ನೀರು ಹಾಕ್ತೀನಿ' ಅನ್ನೋಳು."

"ಅವಳು ಹಾಕಿಯೇ ಹಾಕ್ತಾಳೆ!" ಎಂದುಬಿಟ್ಟ ಕಾಲ್ಮಾನ್.

"ಪೇಚ್‌ನೋರಿಗೆ ಹೇಗೆ ಗೊತ್ತಪ್ಪಾ?" ಎಂದಳು ಎತೆಲ್ಕಾ. ಕಾಲ್ಮಾನ್ ಪೇಚಿಗೆ ಸಿಕ್ಕಿ ಕನ್ನಡಕ ಒರೆಸಿಕೊಂಡ.

"ಹಾಕ್ತಿದ್ಲು, ಸಾರ್," ಎಂದ ದೆಜೋ. "ಆದ್ರೆ ಎಣಿಸೋದು ಎಷ್ಟು ನಿಧಾನ ಅಂತೀರಿ! ಒಂದು ಅಂತ ನಿಲ್ಲಿಸೋಳು. ನಾನು ಎದ್ದು ಕೂತ್ಕೋತಿದ್ದೆ. ಎರಡು ಅನ್ನೋ ಹೊತ್ತಿಗೆ ಕಂಬಳಿ ಮಡಚಿ, ಶೂ ದಾರ ಕಟ್ಟಿ, ಸಿಗರೇಟೂ ಹಚ್ಚಿಕೊಂಡಾಗಿರೋದು. ಮೂರು ಅಂದಾಗ ಹೊಸ್ತಿಲು ಖಾಲಿ. ಆಕೆ ನೀರು ಹಾಕಿ ತೊಳೆಯೋಳು. ಒಂದು ದಿನಾನೂ ನನ್ನ ಮೇಲೆ ಹನಿ ಬಿದ್ದಿಲ್ಲ. ಮನಸ್ಸು ಒಳ್ಳೇದು, ಬಾಯಿ ಮಾತ್ರ ಹಾಗೆ, ಅಂದ್ಕೊಂಡಿದ್ದೆ."

ಎತೆಲ್ಕಾ ಹೊಸ್ತಿಲನ್ನೇ ನೋಡುತ್ತ ನಿಂತಳು. ಹಸಿರು ಕಂಬಳಿ ನೆನಪಿತ್ತು, ಒಳಗಿದ್ದ ಮುಖವಲ್ಲ. ಒಂದು ದಿನವೂ ಮುಖದ ಕಡೆ ನೋಡಿರಲಿಲ್ಲ. ಇನ್ನು ನಿಧಾನವಾಗಿ ಎಣಿಸಿದ್ದು ಒಳ್ಳೇ ಮನಸ್ಸಿನಿಂದಲೂ ಅಲ್ಲ. ತುಂಬಿದ ಬಕೆಟ್ಟು ಹೊತ್ತು ಮೂರು ಮಹಡಿ ಇಳಿದವಳಿಗೆ ಒಂದಕ್ಕೂ ಎರಡಕ್ಕೂ ನಡುವೆ ಉಸಿರೇ ಬರುತ್ತಿರಲಿಲ್ಲ. ಇದನ್ನು ಹೇಳಿಬಿಡಲೇ ಎಂದುಕೊಂಡಳು. ದೆಜೋನ ಮುಖ ನೋಡಿದಳು, ಈ ಸಲ ಸರಿಯಾಗಿಯೇ ನೋಡಿದಳು. ಹೇಳಲಿಲ್ಲ.

"ಒಳಗಿನ ಅಂಗಳಾನೂ ಚೆನ್ನಾಗಿದೆ, ಬನ್ನಿ," ಎಂದು ದೆಜೋ ಬಾಗಿಲು ತಳ್ಳಿದ. ಬಾಗಿಲು ಕದಲಲಿಲ್ಲ. ಭುಜ ಕೊಟ್ಟು ನೂಕಿದ. ಇಲ್ಲ. ಮಳೆ ಹನಿಯತೊಡಗಿತು. "ಏನಪ್ಪಾ ಇದು, ಬರಲ್ಲವಲ್ಲ..." ಎಂದು ಹಿಡಿಯನ್ನು ಹಿಂದೆ ಮುಂದೆ ಅಲ್ಲಾಡಿಸುತ್ತಲೇ ಇದ್ದ.

ಆ ಬಾಗಿಲಿಗೆ ಒಂದೇ ಉಪಾಯ. ಹಿಡಿಯನ್ನು ಮೇಲಕ್ಕೆತ್ತಿ ಬುಡಕ್ಕೆ ಎಡಗಾಲಿಂದ ಒದೆಯಬೇಕು. ಏನೂ ಗೊತ್ತಿಲ್ಲದವನ ಹಾಗೆ ಅದನ್ನು ಜಗ್ಗಾಡುವುದನ್ನು ನೋಡುತ್ತ ನಿಲ್ಲುವುದು ಮನುಷ್ಯರಿಂದಾಗುವ ಕೆಲಸವಲ್ಲ. ಎತೆಲ್ಕಾಳ ಕೈ ಹಿಡಿಯ ಮೇಲೆ ಹೋಯಿತು. ಅದೇ ಗಳಿಗೆಗೆ ಕಾಲ್ಮಾನನ ಎಡಗಾಲು ಬುಡಕ್ಕೆ ಬಿತ್ತು, ಅವಳ ಎಡಗಾಲೂ ಬಿತ್ತು. ಬಾಗಿಲು ಧಡಾರನೆ ತೆರೆದು ಇಬ್ಬರೂ ಒಬ್ಬರ ಮೇಲೊಬ್ಬರು ಅಂಗಳಕ್ಕೆ ಮುಗ್ಗರಿಸಿದರು.

"ಸೆಗೆಡ್‌ನಲ್ಲೂ ಪೇಚ್‌ನಲ್ಲೂ ಬಾಗಿಲು ಹೀಗೇ ತೆಗೀತಾರಾ?" ಎಂದ ದೆಜೋ ಗಂಭೀರವಾಗಿ.

"ಮುಚ್ಚಪ್ಪಾ ಬಾಯಿ!" ಎಂದಳು ಎತೆಲ್ಕಾ ಟೋಪಿ ಸರಿಪಡಿಸಿಕೊಳ್ಳುತ್ತ. "ಇಲ್ಲೇ ಒಂದು ಚಳಿಗಾಲ ಮಲಗಿದ್ದೋನು ನೀನು. ಈ ಬಾಗಿಲು ತೆಗೆಯೋದು ನಿನಗೆ ಗೊತ್ತಿಲ್ವಾ?"

"ಗೊತ್ತು," ಎಂದ ದೆಜೋ, ಈಗ ಹಲ್ಲು ಕಿರಿಯುತ್ತ.

ಎತೆಲ್ಕಾ ಮೆಟ್ಟಿಲು ಹತ್ತಿ ಹೋಗಿ ಅಡುಗೆಮನೆಯ ದೀಪ ಆರಿಸಿ ಬಂದಳು. ಇಳಿದು ಬಂದಾಗ ಕಾಲ್ಮಾನ್ ಹೂಕುಂಡಗಳಿಗೆ ನೀರು ಹಾಕುತ್ತಿದ್ದ.

ಹೋಟೆಲಿಗೆ ಬಂದವಳೇ ವಿಯೋಲಾಳ ಮುಂದೆ ನಿಂತು, "ಯಾವಾಗ ಗೊತ್ತಾಯ್ತು, ಹೇಳಿಬಿಡು," ಎಂದಳು.

"ಬನ್ನಿ ಅಮ್ಮಾ, ತೋರಿಸ್ತೀನಿ."

ಅಡುಗೆಮನೆಗೆ ಹೋಗುವ ಓಣಿಯ ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಒಂದು ಕಾಗದ. 'ನಮ್ಮ ಬೀದಿಗೆ ಇದು ಬೇಡ.' ನಗರಸಭೆ ಹೋಟೆಲಿಗೆ ಕಳಿಸಿದ್ದ ಪ್ರತಿ. ಮೊದಲ ಸಾಲಿನಲ್ಲಿ ಗುಂಡಗಿನ ಅಕ್ಷರದಲ್ಲಿ 'ಬೊದ್ರೋಗಿ ಲಾಸ್ಲೋನ ಹೆಂಡತಿ'. ನಗರಸಭೆಗೆ ಬರೆಯುವಾಗ ಕಾನೂನು ಪ್ರಕಾರದ ಹೆಸರೇ ಹಾಕಿದ್ದಳಲ್ಲ! ಹೆಸರುಗಳ ಪಕ್ಕ ಅಲ್ಲಲ್ಲಿ ಪೆನ್ಸಿಲಿನ ಗುರುತು.

"ಇದೇನು?"

"ಸಹಿ ಹಾಕಿದ್ಮೇಲೆ ಇಲ್ಲಿ ಬಂದು ಉಳ್ಕೊಂಡೋರು. ನಿಮ್ಮದು ಹನ್ನೆರಡನೇದು. ಪಾದ್ರಿಗಳ ತಂಗಿ ಎರಡು ಸಲ ಬಂದಿದ್ರು, ವಿಯೆನ್ನಾದಿಂದ ಬಂದೆ ಅಂತ."

ಎತೆಲ್ಕಾ ಪಟ್ಟಿಯನ್ನು ಮೇಲಿಂದ ಕೆಳಗಿನ ತನಕ ಓದಿದಳು. ಮಾಂಸದಂಗಡಿಯವನ ಹೆಸರಿನ ಪಕ್ಕವೂ ಗುರುತಿತ್ತು. ಮೊದಲು ನಾಚಿಕೆಯಾಯಿತು. ಆಮೇಲೆ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂದು ಗೋಡೆ ಹಿಡಿದುಕೊಳ್ಳಬೇಕಾಯಿತು.

"ತೆಗೆದುಬಿಡೇ ಅದನ್ನ," ಎಂದಳು ಕಣ್ಣೊರೆಸಿಕೊಂಡು.

"ಆಗಲ್ಲ ಅಮ್ಮಾ. ಬೇಜಾರಾದಾಗ ನಮಗೆ ಓದೋಕೆ ಇರೋದು ಇದೊಂದೇ."

ಗ್ಯಾಸು ಬರಲು ಮೂರಲ್ಲ, ಐದು ವಾರ ಹಿಡಿಯಿತು. ಅಷ್ಟು ದಿನವೂ ಎತೆಲ್ಕಾ ಸೆಗೆಡ್‌ನ ಸೋಗು ಬಿಟ್ಟು ತನ್ನ ಬೀದಿಯಲ್ಲೇ ಅತಿಥಿಯಾಗಿದ್ದಳು. ಕಾಲ್ಮಾನನೊಂದಿಗೆ ಒಂದೇ ಮೇಜಿನಲ್ಲಿ ತಿಂಡಿ ತಿಂದಳು, ಬೆಣ್ಣೆಯ ವಿಷಯಕ್ಕೆ ಜಗಳವಾಡಿದಳು. ಮನೆಗೆ ಹೋದ ಮೊದಲ ದಿನವೇ ಪರದೆಗಳನ್ನು ಬಿಚ್ಚಿ ಒಗೆದಳು.

ಈಗ ಶನಿವಾರ ಹನ್ನೊಂದಕ್ಕೆ ದೆಜೋ ಅತಿಥಿಗಳನ್ನು ಆ ಅಂಗಳಕ್ಕೆ ಕರೆತಂದಾಗ ಎತೆಲ್ಕಾ ಮೂರನೇ ಮಹಡಿಯ ಕಟಕಟೆಗೆ ಬಂದು ನಿಲ್ಲುತ್ತಾಳೆ, ತುಟಿಗೆ ಬಣ್ಣ ಹಚ್ಚಿಕೊಂಡು. "ಯಾರೋ ಅದು, ನನ್ನ ಅಂಗಳದಲ್ಲಿ!" ಎಂದು ಗದರುತ್ತಾಳೆ. ಹಾಲೆಂಡಿನವರು, ಪೋಲೆಂಡಿನವರು ಬೆಚ್ಚಿ ಹಿಂದೆ ಸರಿಯುತ್ತಾರೆ, ಆಮೇಲೆ ಚಪ್ಪಾಳೆ ತಟ್ಟುತ್ತಾರೆ. ಅತಿಥಿಗಳ ಪುಸ್ತಕದಲ್ಲಿ ಯಾರೋ 'ಹೋಟೆಲಿನವರು ಕರೆಸಿದ ಮುದಿ ನಟಿ ಅದ್ಭುತ' ಎಂದು ಬರೆದಿದ್ದರಂತೆ. ನಟಿ ಎಂದದ್ದಕ್ಕೆ ಎತೆಲ್ಕಾ ಒಂದು ವಾರ ಬೀಗಿದಳು. ಮುದಿ ಎಂದದ್ದನ್ನು ಅಳಿಸಬೇಕೆಂದು ಕೇಳಲು ಹೋದವಳು ಊಟದ ಹೊತ್ತಾಗಿದ್ದರಿಂದ ಹುರುಳಿಕಾಯಿ ಸಾರಿಗೆ ಕೂತಳು. ಒಂದು ಚಮಚ ಬಾಯಿಗಿಟ್ಟಳು, ಮುಖ ಕಿವಿಚಿದಳು, ಕೆಂಪು ಮೆಣಸಿನ ಪುಡಿ ಎಲ್ಲಿ ಎಂದು ನೇರ ಅಡುಗೆಮನೆಗೆ ನುಗ್ಗಿದಳು. ಅಡುಗೆಯವನಿಗೆ ಕಿವಿ ಕೇಳುವುದಿಲ್ಲ, ಆದರೆ ಜಗಳಕ್ಕೆ ಕೈ ಸಾಕು. ಆ ಮಧ್ಯಾಹ್ನ ಇಬ್ಬರೂ ಸೌಟು ಹಿಡಿದು ಗಾಳಿಯಲ್ಲಿ ಕೈ ಬೀಸಾಡಿದ ರೀತಿಯನ್ನು ವಿಯೋಲಾ ಇಂದಿಗೂ ಬಂದವರಿಗೆಲ್ಲ ಮಾಡಿ ತೋರಿಸುತ್ತಾಳೆ.